ನಾಲ್ಕನೇ ಹಸುವಿಗೆ ಹುಲ್ಲೆಲ್ಲಿ?

ಹಾಲಿನ ದರ ಏರಿದಾಗಲೆಲ್ಲ ರೈತರಿಗೆ ಎಷ್ಟು ಸಿಕ್ಕಿತು ಎಂಬ ಚರ್ಚೆ ನಡೆಯುತ್ತದೆ. ಕೊಟ್ಟಿಗೆಯ ಲೆಕ್ಕ ಶುರುವಾಗುವುದು ಮಾತ್ರ ಮೇವಿನಿಂದ. ಇನ್ನೊಂದು ಹಸು ಕಟ್ಟಬೇಕೋ ಬೇಡವೋ ಎಂಬ ತೀರ್ಮಾನವೂ ಅಲ್ಲಿಯೇ ಆಗುತ್ತದೆ.

2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ದರ ಲೀಟರಿಗೆ ₹4 ಏರಿತು. ನೀಲಿ ಪೊಟ್ಟಣದ ಹಾಲು ಲೀಟರಿಗೆ ₹46 ಆಯಿತು. ಹಿಂದಿನ ಜೂನ್‌ನಲ್ಲಿ ₹2 ಏರಿಸಿ, ಅದರ ಜತೆಗೆ ಕೊಟ್ಟಿದ್ದ 50 ಮಿಲಿಲೀಟರ್ ಹೆಚ್ಚುವರಿ ಹಾಲೂ ಅಂದೇ ನಿಂತಿತು. ನಗರದಲ್ಲಿ ಎಂದಿನಂತೆ ಕಾಫಿ, ಮೊಸರು, ಮನೆಯ ತಿಂಗಳ ಖರ್ಚಿನ ಮಾತು. ಏರಿಸಿದ ಹಣ ಹಾಲು ಉತ್ಪಾದಕರಿಗೇ ಸೇರುತ್ತದೆ ಎಂದು ಸರ್ಕಾರ ಹೇಳಿತು. ಕೋಲಾರದ ಕಡೆಯ ಹಳ್ಳಿಗಳಲ್ಲಿ ಇಂಥ ಸುದ್ದಿ ಬಂದಾಗ ಮೊದಲು ಕೇಳುವ ಪ್ರಶ್ನೆಯೇ ಬೇರೆ: ‘ಬೂಸಾ ಮೂಟೆ ಎಷ್ಟಾಯ್ತಂತೆ?’

ಹಾಲಿನ ದರ ಏರಿದ ಬೆನ್ನಿಗೇ ಹಿಂಡಿ-ಬೂಸಾ ದರವೂ ಏರುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತು. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ. ಹಾಗಿದ್ದೂ ಬೆಳಗ್ಗೆ ಆರೂವರೆಗೆ ಹಾಲಿನ ಸಹಕಾರ ಸಂಘದ ಕಟ್ಟಡದ ಮುಂದೆ ಕ್ಯಾನು ಹಿಡಿದ ಸಾಲು ಕರಗುವುದಿಲ್ಲ. ಕಾರ್ಯದರ್ಶಿ ಒಂದು ಸೌಟು ಹಾಲು ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ, ಪರದೆಯ ಮೇಲೆ ಅಂಕಿ ಓಡುತ್ತದೆ, ಬೆರಳಗಲದ ಚೀಟಿಯೊಂದು ಹೊರಬರುತ್ತದೆ. ಅದರಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಎಸ್‌ಎನ್‌ಎಫ್ ಎಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ. ಹಸುವಿನ ಹಾಲಿಗೆ 3.5 ಫ್ಯಾಟ್, 8.5 ಎಸ್‌ಎನ್‌ಎಫ್ ಎಂಬುದು ಗಟ್ಟಿತನದ ಮಟ್ಟ. ಕಡಿಮೆ ಬಂದರೆ ದರ ಇಳಿಯುತ್ತದೆ. ‘ಇವತ್ತು ಡಿಗ್ರಿ ಬಂದಿಲ್ಲ ನೋಡಕ್ಕ’ ಎಂದರೆ ಸಾಕು, ಅಷ್ಟು ದೂರ ಕ್ಯಾನು ಹೊತ್ತು ಬಂದವಳ ಮುಖ ಇಳಿಯುತ್ತದೆ.

ಡಿಗ್ರಿ, ಅಂದರೆ ಆ ಗಟ್ಟಿತನ, ಬಾರದಿರುವುದಕ್ಕೆ ನೀರು ಬೆರೆಸಿದ್ದೇ ಕಾರಣವಾಗಬೇಕಿಲ್ಲ. ಹಸುವಿಗೆ ಹೊಟ್ಟೆ ತುಂಬ ಮೇವಿಲ್ಲದೆ ಶಕ್ತಿ ಸಾಲದಾದರೆ ಎಸ್‌ಎನ್‌ಎಫ್ ಇಳಿಯುತ್ತದೆ. ನಾರಿನಂಶದ ಹುಲ್ಲು ಕಡಿಮೆ ಮಾಡಿ ಬರೀ ಬೂಸಾ ಸುರಿದರೆ ಫ್ಯಾಟ್ ಇಳಿಯುತ್ತದೆ. ಚೀಟಿಯ ಅಂಕಿಗಳನ್ನು ಓದಬಲ್ಲವರು ಹಸು ಹಿಂದಿನ ದಿನಗಳಲ್ಲಿ ಏನು ತಿಂದಿದೆ ಎಂಬುದನ್ನೂ ಊಹಿಸಬಲ್ಲರು. ದರ ಎಷ್ಟು ಸಿಕ್ಕೀತು ಎಂಬುದನ್ನು ವಿಧಾನಸೌಧದ ಜತೆಗೆ ಮನೆಯ ಗೋದಲಿಯೂ ನಿರ್ಧರಿಸುತ್ತದೆ.

₹4ರ ಎದುರು ₹100

ಒಂದು ಸೀಮೆಹಸುವಿನ ಲೆಕ್ಕ ಹಾಕಿ ನೋಡೋಣ. ಹಾಲು ಒಕ್ಕೂಟದಿಂದ ಒಕ್ಕೂಟಕ್ಕೆ, ಊರಿಂದ ಊರಿಗೆ ಅಂಕಿ ಬದಲಾಗುತ್ತದೆ. ಇಲ್ಲಿನ ದರಗಳು ಲೆಕ್ಕಕ್ಕೆಂದು ಹಿಡಿದವು.

ಸೂಲಿನುದ್ದಕ್ಕೂ ಸರಾಸರಿ ದಿನಕ್ಕೆ 10 ಲೀಟರ್ ಕೊಡುವ ಹಸು. ಸಂಘದಲ್ಲಿ ಲೀಟರಿಗೆ ₹36 ಸಿಕ್ಕರೆ ದಿನಕ್ಕೆ ₹360. ಪಶು ಆಹಾರದ ವಿಷಯದಲ್ಲಿ ಪಶುವೈದ್ಯರು ಹೇಳುವ ಸುಲಭ ಸೂತ್ರವೊಂದಿದೆ: ಮೈ ನಿಭಾಯಿಸಲು ಸುಮಾರು 2 ಕಿಲೋ, ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಅಲ್ಲಿಗೆ 6 ಕಿಲೋ. ಕಿಲೋಗೆ ₹27 ಎಂದರೆ ₹162. ಹಸಿ ಮೇವು 20 ಕಿಲೋ, ಕೊಂಡು ತಂದರೆ ಕಿಲೋಗೆ ₹3ರಂತೆ ₹60. ಒಣಹುಲ್ಲು 5 ಕಿಲೋ, ₹8ರಂತೆ ₹40. ಖನಿಜ ಮಿಶ್ರಣ, ಔಷಧಿ, ಕರೆಂಟು, ವಿಮೆಗೆ ದಿನಕ್ಕೆ ₹20 ತೆಗೆದಿಡಿ. ಒಟ್ಟು ಖರ್ಚು ₹282, ಕೈಯಲ್ಲಿ ಉಳಿದದ್ದು ₹78.

ಇದು ಕರೆಯುವ ದಿನಗಳ ಮಾತು. ಹಾಲು ಬತ್ತಿಸಿದ ಮೇಲೂ ಹಸು ತಿನ್ನುತ್ತದೆ. 305 ದಿನ ಕರೆದು, ಮುಂದಿನ ಕರು ಹಾಕುವವರೆಗೆ 100 ದಿನ ಬರಿಗೆಚ್ಚಲಲ್ಲಿ ಸಾಕಿದರೆ ದಿನಕ್ಕೆ ₹150ರಂತೆ ₹15,000. ಅದನ್ನು ಕರೆದ ದಿನಗಳ ಮೇಲೆ ಹಂಚಿದರೆ ದಿನಕ್ಕೆ ₹49. ಉಳಿಕೆ ₹29ಕ್ಕೆ ಇಳಿಯಿತು. ನಾಲ್ಕು ರೂಪಾಯಿ ಏರುವ ಮುಂಚಿನ ದರದಲ್ಲಾದರೆ ಇದೇ ಹಸು ದಿನಕ್ಕೆ ₹11 ನಷ್ಟದಲ್ಲಿತ್ತು. ಸಗಣಿ ಬಾಚುವ, ಮೇವು ಹೊರುವ, ಎರಡು ಹೊತ್ತು ಕರೆಯುವ ಕೂಲಿಯನ್ನು ಈ ಲೆಕ್ಕದಲ್ಲಿ ಇನ್ನೂ ಹಿಡಿದೇ ಇಲ್ಲ. ಬಹುಪಾಲು ಮನೆಗಳಲ್ಲಿ ಆ ಕೆಲಸ ಹೆಂಗಸರದು, ಅದಕ್ಕೆ ಕೂಲಿ ಕಟ್ಟುವ ರೂಢಿಯೇ ಇಲ್ಲ. ತಿಪ್ಪೆಯ ಗೊಬ್ಬರವೊಂದು ಲಾಭದ ಬಾಬ್ತು. ಅನೇಕರು ಹಸು ಬಿಡದಿರುವುದಕ್ಕೆ ಅದೂ ಒಂದು ಕಾರಣ.

ಇನ್ನು ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ ₹2ರಂತೆ ಆರಂಭವಾದದ್ದು 2013ರಲ್ಲಿ ₹4ಕ್ಕೆ ಏರಿ, ಈಗ ₹5ರಲ್ಲಿ ನಿಂತಿದೆ. 10 ಲೀಟರಿಗೆ ₹50. ನಾವು ಹಿಡಿದ ಹಸುವಿನ ಮಟ್ಟಿಗೆ ಅದು ಉಳಿಕೆಗಿಂತ ದೊಡ್ಡ ಮೊತ್ತ. ಆದರೆ ಅದು ಹಾಲಿನ ಬಟವಾಡೆಯ ಜತೆ ಬರುವುದಿಲ್ಲ. ಸರ್ಕಾರದಿಂದ ನೇರ ಖಾತೆಗೆ ಬರಬೇಕು, ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ. ಬಂದಾಗ ಹಬ್ಬ, ಬಾರದಾಗ ಬೂಸಾ ಅಂಗಡಿಯಲ್ಲಿ ಸಾಲ.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯಿದೆ. ಹಸಿ ಮೇವು, ಒಣಹುಲ್ಲು ಸೇರಿ ದಿನಕ್ಕೆ ₹100. ಸ್ವಂತ ಹೊಲದಲ್ಲಿ ಬೆಳೆದರೆ ಅದು ಪೂರ್ತಿ ಉಳಿಯುವುದಿಲ್ಲ, ಬೀಜ, ನೀರು, ಆಳು ಎಂದು ಖರ್ಚಿದ್ದೇ ಇದೆ. ಅರ್ಧ ಹೋಯಿತೆಂದರೂ ₹50 ಮಿಕ್ಕಿತು. ಸರ್ಕಾರ ನಾಲ್ಕು ರೂಪಾಯಿ ಏರಿಸಿದ್ದರಿಂದ ಇದೇ ಹಸುವಿಗೆ ಬಂದದ್ದು ₹40. ಸ್ವಂತ ಹುಲ್ಲು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ, ರಾಜ್ಯವೇ ಮಾತಾಡಿಕೊಂಡ ಒಂದು ದರ ಏರಿಕೆಗಿಂತ ದೊಡ್ಡದು. ಇದು ಹಾಲು ಹಾಕುವವರಿಗೆಲ್ಲ ಗೊತ್ತು, ದರದ ಚರ್ಚೆಯಲ್ಲಿ ಮಾತ್ರ ಕಾಣುವುದಿಲ್ಲ.

ಮಳೆ ಬಂದರೆ ಹಾಲು, ಹಾಲು ಬಂದರೆ ದರ ಇಳಿಕೆ

ಹುಲ್ಲಿಗೂ ಹಾಲಿಗೂ ಇರುವ ನಂಟು 2023 ಮತ್ತು 2024ರಲ್ಲಿ ಎದ್ದು ಕಂಡಿತು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಆ ಬೇಸಿಗೆಯಲ್ಲಿ ಒಣಹುಲ್ಲಿನ ಬೆಲೆ ಕೇಳಿದವರು ಹಸುವನ್ನೇ ಸಂತೆಗೆ ಹೊಡೆದರು. ಮರುವರ್ಷ ಮುಂಗಾರು ಮೊದಲೇ ಚೆನ್ನಾಗಿ ಸುರಿಯಿತು. ಬದುಗಳಲ್ಲಿ ಹಸಿರು ಬಂತು. 2024ರ ಜೂನ್ ಕೊನೆಗೆ ಕರ್ನಾಟಕ ಹಾಲು ಮಹಾಮಂಡಳದ ದಿನದ ಶೇಖರಣೆ ಮೊದಲ ಸಲ 1 ಕೋಟಿ ಲೀಟರ್ ಮುಟ್ಟಿತು. ಪೊಟ್ಟಣದಲ್ಲಿ 50 ಮಿಲಿಲೀಟರ್ ಹೆಚ್ಚು ಕೊಟ್ಟು ₹2 ಏರಿಸಿದ್ದು ಆಗಲೇ. ಹಾಲು ಮಿಗುತ್ತಿದೆ, ಖರ್ಚಾಗಬೇಕು ಎಂಬುದು ಅದರ ಹಿಂದಿನ ಲೆಕ್ಕ.

ಇಲ್ಲೊಂದು ವಿಪರ್ಯಾಸವಿದೆ. ಹುಲ್ಲು ಧಾರಾಳವಾಗಿ ಸಿಗುವ, ಖರ್ಚು ತಗ್ಗುವ ಕಾಲದಲ್ಲಿ ಹಾಲು ಎಲ್ಲರಲ್ಲೂ ಹೆಚ್ಚುತ್ತದೆ. ಹೆಚ್ಚಿದ ಹಾಲನ್ನು ಪುಡಿ ಮಾಡಬೇಕು, ಬೆಣ್ಣೆ ತೆಗೆಯಬೇಕು. ಪುಡಿಗೆ ಮಾರುಕಟ್ಟೆಯಲ್ಲಿ ಬೆಲೆ ಬಿದ್ದರೆ ನಷ್ಟ ಒಕ್ಕೂಟದ್ದು. ಆಗ ಒಕ್ಕೂಟಗಳು ಉತ್ಪಾದಕರ ದರವನ್ನು ಒಂದೆರಡು ರೂಪಾಯಿ ಇಳಿಸುವುದುಂಟು. ಬೇಸಿಗೆಯಲ್ಲಿ ಹಾಲು ತಗ್ಗಿದಾಗ ಕೊಂಚ ಏರಿಸುತ್ತಾರೆ, ಆದರೆ ಆಗ ಏರಿದ ದರ ಒಣಹುಲ್ಲಿನ ಲೋಡಿಗೇ ಸರಿಹೋಗುತ್ತದೆ. ಮಿಕ್ಕ ಹಾಲಿನ ತಲೆನೋವಿಗೆ ಸರ್ಕಾರ ಕಂಡುಕೊಂಡ ಒಳ್ಳೆಯ ದಾರಿಗಳಲ್ಲಿ 2013ರಲ್ಲಿ ಶುರುವಾದ ಕ್ಷೀರಭಾಗ್ಯವೂ ಒಂದು. ಶಾಲೆಯ ಮಕ್ಕಳಿಗೂ ಹಾಲು, ಪುಡಿಗೂ ಒಂದು ಖಾತ್ರಿ ಗಿರಾಕಿ.

ಸಹಕಾರ ಸಂಘಕ್ಕೆ ಒಂದು ಹೆಚ್ಚುಗಾರಿಕೆಯಿದೆ, ಅದನ್ನು ಮರೆಯುವಂತಿಲ್ಲ: ಹಾಲು ಎಷ್ಟೇ ಬರಲಿ, ‘ಬೇಡ, ವಾಪಸ್ ತಗೊಂಡು ಹೋಗು’ ಎನ್ನುವುದು ವಿರಳ. ಟೊಮೇಟೊ ರಸ್ತೆಗೆ ಸುರಿಯುವುದನ್ನು ಪ್ರತಿ ಕೆಲವು ವರ್ಷಕ್ಕೊಮ್ಮೆ ನೋಡುವ ಕೋಲಾರದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಟೊಮೇಟೊ ಕೈಹಿಡಿದರೆ ಬಂಗಲೆ, ಬಿಟ್ಟರೆ ಸಾಲ. ಹಾಲಿನದು ಹಾಗಲ್ಲ. ಬಟವಾಡೆಯ ದಿನ ಬಂತೆಂದರೆ ದುಡ್ಡು ಬಂತು. ಮಕ್ಕಳ ಶಾಲೆಯ ಫೀಸು, ಸ್ತ್ರೀಶಕ್ತಿ ಸಂಘದ ಕಂತು, ಅಡುಗೆಮನೆಯ ಸಾಮಾನು ಎಲ್ಲ ಆ ದುಡ್ಡಿನಲ್ಲೇ.

ಗೋಮಾಳ ಹೋದ ದಾರಿ

ಕೋಲಾರದಲ್ಲಿ ಹೈನುಗಾರಿಕೆಯ ಮಾತು ಬಂದಾಗ ಹಿರಿಯರು ಅದಕ್ಕೆ ಇಲ್ಲಿ ಅಡಿಪಾಯ ಹಾಕಿದ ಎಂ.ವಿ. ಕೃಷ್ಣಪ್ಪ ಅವರ ಹೆಸರು ನೆನೆಯುತ್ತಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಗೆ ಹಾಲು ಮತ್ತು ರೇಷ್ಮೆ ಆಸರೆಯಾದವು. ಹೆಸರಘಟ್ಟದ ಇಂಡೋ-ಡ್ಯಾನಿಶ್ ಯೋಜನೆಯ ಕಾಲದಿಂದ ವಿದೇಶಿ ತಳಿಯ ರಕ್ತ ಈ ಭಾಗದ ಹಸುಗಳಲ್ಲಿ ಬೆರೆಯಿತು. ನಾಟಿ ಹಸುವಿನ ಜಾಗಕ್ಕೆ ಸೀಮೆಹಸು ಬಂತು. ಎರಡು ಲೀಟರಿನ ಜಾಗದಲ್ಲಿ ಹತ್ತು, ಹದಿನೈದು ಲೀಟರ್ ಬಂತು.

ನಾಟಿ ಹಸು ಬೆಳಗ್ಗೆ ಬಿಟ್ಟರೆ ಗೋಮಾಳ, ಕೆರೆಯಂಗಳ, ಗುಡ್ಡದ ಬುಡ ಸುತ್ತಿ ಸಂಜೆಗೆ ಹೊಟ್ಟೆ ತುಂಬಿಸಿಕೊಂಡು ಬರುತ್ತಿತ್ತು. ಸೀಮೆಹಸು ಬಿಸಿಲು ತಡೆಯದು, ಅಷ್ಟು ದೂರ ನಡೆಯದು. ನಡೆದರೂ ಬಯಲಿನ ಒಣಹುಲ್ಲಿನಲ್ಲಿ ಅದರ ಹಾಲಿಗೆ ಬೇಕಾದ ಸತ್ವ ಸಿಗದು. ಹಾಗಾಗಿ ಹಸು ಕೊಟ್ಟಿಗೆಯಲ್ಲಿ ನಿಂತಿತು, ಹುಲ್ಲು ಅದರ ಬಳಿಗೆ ಬರಬೇಕಾಯಿತು. ಹಸು ಬಯಲಿಗೆ ಹೋಗುವುದು ನಿಂತ ಮೇಲೆ ಬಯಲನ್ನು ಕಾಯುವವರೂ ಕಡಿಮೆಯಾದರು.

ಕಾನೂನಿನಲ್ಲಿ ಮಾತ್ರ ಗೋಮಾಳಕ್ಕೆ ಒಳ್ಳೆಯ ರಕ್ಷಣೆಯಿದೆ. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ಊರಿನ ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಉಚಿತ ಹುಲ್ಲುಗಾವಲು ಇರಬೇಕು. ಇದಕ್ಕಿಂತ ಹೆಚ್ಚಿದ್ದರೆ ‘ಹೆಚ್ಚುವರಿ’ ಎಂದು ಬೇರೆಯದಕ್ಕೆ ಕೊಡಬಹುದು. ಲೆಕ್ಕ ರಾಸುಗಳ ತಲೆಯ ಮೇಲೆ ನಿಂತಿದೆ. ರಾಸು ಕಡಿಮೆಯಾದಂತೆ ಗೋಮಾಳವೂ ಕಡಿಮೆ ಸಾಕಾಗುತ್ತದೆ. 2012ರ ಗಣತಿಯಲ್ಲಿ ರಾಜ್ಯದಲ್ಲಿ ಸುಮಾರು 95 ಲಕ್ಷ ದನಗಳಿದ್ದವು, 2019ರಲ್ಲಿ ಅದು 85 ಲಕ್ಷದ ಆಸುಪಾಸಿಗೆ ಇಳಿಯಿತು. ಹಾಲು ಏರುತ್ತಿದೆ, ದನ ಇಳಿಯುತ್ತಿದೆ, ಅದರ ಜತೆಗೇ ದನಕ್ಕೆಂದು ಬಿಡಬೇಕಾದ ಬಯಲೂ ಕಾಗದದಲ್ಲಿ ಕುಗ್ಗುತ್ತಿದೆ.

ಗೋಮಾಳ ಹೋದ ದಾರಿಗಳು ಹಲವು. ಆಶ್ರಯ ನಿವೇಶನ, ಶಾಲೆ, ಹಾಸ್ಟೆಲು, ಸ್ಮಶಾನ, ಘನತ್ಯಾಜ್ಯ ಘಟಕ. ಬಗರ್‌ಹುಕುಂ ಸಾಗುವಳಿ ಸಕ್ರಮಕ್ಕೆ ಫಾರಂ 50, 53, 57 ಎಂದು ಮೂರು ಸುತ್ತು ಅರ್ಜಿ ಕರೆದಾಗ ಉತ್ತವರಲ್ಲಿ ತುಂಡು ಭೂಮಿಯೂ ಇಲ್ಲದ ಬಡವರಿದ್ದರು, ಬೇಲಿ ಸರಿಸಿದ ಬಲಾಢ್ಯರೂ ಇದ್ದರು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ಬಯಲುಗಳಲ್ಲಿ ನೀಲಗಿರಿ ಎದ್ದಿತು. ಅದರ ಬುಡದಲ್ಲಿ ಹುಲ್ಲಿನ ಗರಿಯೂ ಏಳಲಿಲ್ಲ. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಅಂತರ್ಜಲ ಸಾವಿರ ಅಡಿಗೂ ಕೆಳಗೆ ಹೋದ ಮೇಲೆ.

ದೊಡ್ಡ ಪ್ರಮಾಣದಲ್ಲಿ ಇದೇ ಕಥೆ ನಡೆದದ್ದು ಅಮೃತಮಹಲ್ ಕಾವಲುಗಳಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಆ ರಾಸುಗಳು ಮೇಯಲೆಂದೇ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಕಡೆ ಕಾವಲುಗಳನ್ನು ಬಿಡಲಾಗಿತ್ತು. ಚಳ್ಳಕೆರೆ ಬಳಿಯ ಕಾವಲಿನ ಸಾವಿರಾರು ಎಕರೆ ರಕ್ಷಣಾ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಕುರಿ, ದನ ಮೇಯಿಸುತ್ತಿದ್ದ ಊರಿನವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಯಾರೂ ಉಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಬಯಲನ್ನು ‘ಖಾಲಿ ಜಾಗ’ ಎಂದು ಓದುವ ಕಚೇರಿಯ ಕಣ್ಣು ಗೋಮಾಳದ ದೊಡ್ಡ ಶತ್ರು.

ಕಾಡಿನ ಅಂಚಿನಲ್ಲಿ

ಬಯಲು ಹೋದ ಮೇಲೆ ಉಳಿದದ್ದು ಕಾಡು. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಇದರ ಬೆನ್ನಿಗೇ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಕಾಡಿನಲ್ಲಿ ಜಾನುವಾರು ಮೇಯಿಸುವುದನ್ನು ತಡೆಯುವ ಮಾತಾಡಿದರು. ರೈತ ಸಂಘಟನೆಗಳಿಂದ, ಕಾಡಂಚಿನ ಊರುಗಳಿಂದ ವಿರೋಧ ಬಂತು.

ಎರಡು ಕಡೆಯ ಮಾತಿನಲ್ಲೂ ಹುರುಳಿದೆ. ಮೇಯುವ ದನ ಹೆಚ್ಚಿದಷ್ಟೂ ಜಿಂಕೆ, ಕಡವೆಗೆ ಹುಲ್ಲು ಕಡಿಮೆ. ಊರ ದನದಿಂದ ರೋಗ ಕಾಡುಪ್ರಾಣಿಗೆ ದಾಟುತ್ತದೆ. ಹುಲಿಗೆ ಹಸು ಸುಲಭದ ಬೇಟೆ, ಹಸು ಕಳೆದುಕೊಂಡವನಿಗೆ ಪರಿಹಾರ ನಿಧಾನ. ಇನ್ನೊಂದು ಕಡೆ, ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಕಾಡಿಗೆ ಹೋಗುವ ದನಗಳಲ್ಲಿ ಹೆಚ್ಚಿನವು ಡೇರಿಗೆ ಹಾಲು ಕೊಡುವವಲ್ಲ. ಗೊಬ್ಬರಕ್ಕೆ, ಉಳುಮೆಗೆ ಸಾಕಿದ ನಾಟಿ ದನ. ಅವಕ್ಕೆ ಮೂಟೆ ಬೂಸಾ ತಂದು ಹಾಕಿ ಸಾಕಲಾಗದು. ಕಾಡು ಮುಚ್ಚಿದರೆ ಅವು ಇರುವುದಿಲ್ಲ. ಮಲೆನಾಡಿನ ಸೊಪ್ಪಿನಬೆಟ್ಟ, ಕಾನು ನಂಬಿದ ಮಲೆನಾಡು ಗಿಡ್ಡ ತಳಿಯ ದನದ ಸ್ಥಿತಿಯೂ ಬೇರೆಯಲ್ಲ. ಲಂಟಾನ ಹಬ್ಬಿದ ಕಾಡಿನಲ್ಲಿ ಹುಲ್ಲು ಜಿಂಕೆಗೂ ಇಲ್ಲ, ದನಕ್ಕೂ ಇಲ್ಲ. ಊರಿನ ಗೋಮಾಳ ಗೋಮಾಳವಾಗಿಯೇ ಉಳಿದಿದ್ದರೆ ಕಾಡಿನ ಮೇಲಿನ ಒತ್ತಡ ಇಷ್ಟಿರುತ್ತಿರಲಿಲ್ಲ.

ದುಡ್ಡು ಹಾಕುವುದಾದರೆ ಎಲ್ಲಿಗೆ?

ಇಷ್ಟೆಲ್ಲ ಗೊತ್ತಿದ್ದೂ ಮನೆಯಲ್ಲಿ ಒಂದು ಸಂಜೆ ಆ ಮಾತು ಬರುತ್ತದೆ: ಸಾಲ ಸಿಗುತ್ತಿದೆ, ಇನ್ನೊಂದು ಹಸು ಕಟ್ಟೋಣವೇ? ಒಳ್ಳೆಯ ಎರಡನೇ ಸೂಲಿನ ಸೀಮೆಹಸುವಿಗೆ ಮುಕ್ಕಾಲು ಲಕ್ಷ, ಲಕ್ಷದ ಮಾತು. ಉತ್ತರ ಮನೆಯಿಂದ ಮನೆಗೆ ಬೇರೆಯಾಗುತ್ತದೆ.

ಜಮೀನಿಲ್ಲದ, ಎರಡು ಹಸುವಿನ ಮನೆ ಮೊದಲನೆಯದು. ಇಲ್ಲಿ ಹುಲ್ಲು ಬರುವುದು ಬೇರೆಯವರ ಬದುವಿನಿಂದ, ಕೆರೆಯಂಗಳದಿಂದ, ಕಳೆ ಕೀಳಲು ಹೋದ ತೋಟದಿಂದ. ಹೆಂಗಸು ಕೂಲಿಗೆ ಹೋದಲ್ಲಿಂದ ಸಂಜೆ ಹುಲ್ಲಿನ ಹೊರೆಯನ್ನೂ ಹೊತ್ತು ತರುತ್ತಾಳೆ. ಅವಳ ಎರಡು ಹಸುವಿನ ಮಿತಿ ಅವಳ ತಲೆಹೊರೆಯ ಮಿತಿ. ಮೂರನೆಯದನ್ನು ಕಟ್ಟಿದರೆ ಅದರ ಹುಲ್ಲನ್ನು ಪೂರ್ತಿ ಕೊಳ್ಳಬೇಕು, ಮೇಲಿನ ಲೆಕ್ಕದ ₹29 ಅವಳಿಗೆ ಕಟ್ಟಿಟ್ಟ ಬುತ್ತಿ. ಕಳೆನಾಶಕ ಹೊಡೆಯುವ ಅಭ್ಯಾಸ ಬಂದ ಮೇಲೆ ಬದುವಿನ ಹುಲ್ಲಿಗೂ ಕುತ್ತು ಬಂದಿದೆ. ಇಂಥ ಮನೆಗೆ ಗೋಮಾಳವೇ ಬಂಡವಾಳ. ಅದರ ಒತ್ತುವರಿ ತೆರವಾದರೆ ಸಿಗುವ ಲಾಭವನ್ನು ಯಾವ ಸಹಾಯಧನವೂ ಕೊಡಲಾರದು.

ಎರಡನೆಯದು ಒಂದೆರಡು ಎಕರೆ, ಒಂದು ಬೋರ್‌ವೆಲ್, ಮೂರು ಹಸುವಿನ ಮನೆ. ರಾಜ್ಯದ ಹಾಲಿನ ಬೆನ್ನೆಲುಬು ಇಂಥವರು. ನೀರಿದ್ದ 10 ಗುಂಟೆ ಸೀಮೆಹುಲ್ಲು ಒಂದೆರಡು ಹಸುವಿಗೆ ವರ್ಷವಿಡೀ ಹಸಿ ಮೇವು ಕೊಡಬಲ್ಲದು. ನಾಟಿ ಮಾಡಿ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ. ಆದರೆ ಅದೇ 10 ಗುಂಟೆಯಲ್ಲಿ ಟೊಮೇಟೊ ಇಟ್ಟು ಅದೃಷ್ಟ ನೋಡುವ ಆಸೆಯೂ ಇರುತ್ತದೆ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು ಮುಂದಿನ ಕೆರೆಗಳಿಗೆ ಹರಿದ ಮೇಲೆ ಕೆಲವೆಡೆ ಬೋರ್‌ವೆಲ್‌ಗಳಿಗೆ ಜೀವ ಬಂದಿದೆ. ಮೇವು ಬೆಳೆಯುವ ಧೈರ್ಯವೂ ಬಂದಿದೆ. ಒಣಹುಲ್ಲಿನದು ಬೇರೆ ತೊಡಕು. ರಾಗಿ, ಭತ್ತವನ್ನು ಯಂತ್ರದಲ್ಲಿ ಕೊಯ್ದರೆ ಕೂಲಿ ಉಳಿಯುತ್ತದೆ, ಹುಲ್ಲು ಮಾತ್ರ ತುಂಡಾಗಿ, ಮಣ್ಣು ಹತ್ತಿ ಬರುತ್ತದೆ. ಕೈಯಲ್ಲಿ ಕೊಯ್ದು ಮೆದೆ ಒಟ್ಟಿದ ರಾಗಿಹುಲ್ಲಿನ ಮುಂದೆ ಹಸು ಅದನ್ನು ಮೂಸಿಯೂ ನೋಡದು.

ಈ ಮನೆಯವರು ಲಕ್ಷ ರೂಪಾಯಿ ಹಾಕುವುದಾದರೆ ನಾಲ್ಕನೇ ಹಸುವಿಗಿಂತ ಮೊದಲು ಹಾಕಬೇಕಾದ ಜಾಗಗಳಿವೆ. ಮೇವು ಕತ್ತರಿಸುವ ಯಂತ್ರವಿದ್ದರೆ ದಂಟು ದಂಡವಾಗುವುದಿಲ್ಲ. ಮುಸುಕಿನ ಜೋಳವನ್ನು ಹಾಲುಗಾಳಿನ ಹಂತದಲ್ಲಿ ಕೊಯ್ದು, ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿದರೆ ಒಂದೂವರೆ ತಿಂಗಳಲ್ಲಿ ರಸಮೇವು ಸಿದ್ಧ. ಮಳೆಗಾಲದ ಹಸಿರನ್ನು ಬೇಸಿಗೆಗೆ ದಾಟಿಸುವ ದಾರಿ ಇದೇ. ಬೆದೆಗೆ ಬಂದದ್ದನ್ನು ಗಮನಿಸದೆ ಒಂದು ಸರದಿ ತಪ್ಪಿದರೆ ಮೂರು ವಾರ ಹೋಯಿತು, ನಾವು ಹಿಡಿದ ದರದಲ್ಲಿ ಮೂರು ಸಾವಿರದಷ್ಟು ಮೇವು ಸುಮ್ಮನೆ ಹೋಯಿತು. ಎರಡು ಮೂರು ಸಲ ಸೂಜಿ ಹಾಕಿಸಿದರೂ ಕಟ್ಟದ ಹಸುವಿಗೆ ಖನಿಜ ಮಿಶ್ರಣ ಕೊಡುವುದು, ಹೆಣ್ಣುಕರುವೇ ಹುಟ್ಟುವ ಸಾಧ್ಯತೆ ಶೇ 90ರಷ್ಟಿರುವ ಲಿಂಗ ನಿರ್ಧಾರಿತ ವೀರ್ಯ ಬಳಸಿ ಮನೆಯಲ್ಲೇ ಕಡಸು ಬೆಳೆಸುವುದು, ಇವು ಇದ್ದ ಮೂರು ಹಸುವಿನಿಂದಲೇ ನಾಲ್ಕರ ಆದಾಯ ತೆಗೆಯುವ ಉಪಾಯಗಳು.

ಮೂರನೆಯದು ಊರಿಗೆ ಮರಳಿದ ಯುವಕರ ಇಪ್ಪತ್ತು, ಮೂವತ್ತು ಹಸುವಿನ ಫಾರಂ. ಎತ್ತರದ ಶೆಡ್ಡು, ರಬ್ಬರ್ ಮ್ಯಾಟು, ಫ್ಯಾನು, ಕರೆಯುವ ಯಂತ್ರ. ವಿಡಿಯೊಗಳಲ್ಲಿ ತಿಂಗಳಿಗೆ ಲಕ್ಷದ ಆದಾಯ ಹೇಳಲಾಗುತ್ತದೆ. ಬ್ಯಾಂಕಿನ ಕಂತು, ಆಳಿನ ಸಂಬಳ, ಕೊಂಡ ಮೇವು ಈ ಮೂರೂ ಸೇರಿದರೆ ದರದಲ್ಲಿ ಒಂದು ರೂಪಾಯಿ ಇಳಿದರೂ ಫಾರಂ ಅಲುಗಾಡುತ್ತದೆ. ಎರಡು ಹಸುವಿನ ಮನೆ ಕಷ್ಟಕಾಲದಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ನಿಲ್ಲುತ್ತದೆ, ಕಂತು ಕಟ್ಟುವ ಫಾರಂಗೆ ಆ ಅವಕಾಶವಿಲ್ಲ. ಉಳಿದು ಬೆಳೆದ ಫಾರಂಗಳನ್ನು ನೋಡಿದರೆ ಹೆಚ್ಚಿನವರು ಶೆಡ್ಡಿಗೆ ಮುಂಚೆ ಮೇವಿನ ಹೊಲ ಮಾಡಿಕೊಂಡವರು, ಒಮ್ಮೆಗೇ ಹಸು ತರದೆ ಐದರಿಂದ ಶುರು ಮಾಡಿದವರು.

ಹಾಲಿಗೆ ಪೈಪೋಟಿ ಕೊಡುವ ಇನ್ನೊಂದು ಆದಾಯವೂ ಕೋಲಾರದಲ್ಲಿದೆ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಹಳ್ಳಿಯಿಂದಲೇ ಕಂಪನಿ ಬಸ್ಸು ಹೊರಡುತ್ತದೆ. ಫೋನು ಜೋಡಿಸುವ ಕೆಲಸಕ್ಕೆ ಹೋಗುವ ಮಗಳು ತಿಂಗಳ ಸಂಬಳ ತರುತ್ತಾಳೆ, ವಾರಕ್ಕೊಂದು ರಜೆ ಇರುತ್ತದೆ. ಹಸುವಿಗೆ ರಜೆಯಿಲ್ಲ. ಅಮ್ಮನ ನಂತರ ಈ ಕೊಟ್ಟಿಗೆಗೆ ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಮನೆಯಲ್ಲಿ ಹತ್ತು ವರ್ಷದ ಹೂಡಿಕೆಯ ಮಾತು ಏಳುವುದೇ ಇಲ್ಲ.

ಮುಳುಗುವ ಬಂಡವಾಳ

ಟ್ರ್ಯಾಕ್ಟರ್ ಹಳೆಯದಾದರೆ ಮಾರಬಹುದು. ಹಸುವಿನ ಬಂಡವಾಳ ಒಂದು ರಾತ್ರಿಯಲ್ಲಿ ಮುಳುಗಬಹುದು. 2013ರ ಕಾಲುಬಾಯಿ ಜ್ವರ ಈ ಭಾಗದ ಕೊಟ್ಟಿಗೆಗಳನ್ನು ಬರಿದು ಮಾಡಿತ್ತು. 2022ರಲ್ಲಿ ಚರ್ಮಗಂಟು ರೋಗ ಬಂತು. ಸತ್ತ ಹಸುವಿಗೆ ಸರ್ಕಾರ ಕೊಟ್ಟದ್ದು ₹20,000, ಎತ್ತಿಗೆ ₹30,000, ಕರುವಿಗೆ ₹5,000. ಅದು ಸಾಂತ್ವನವಾಯಿತೇ ಹೊರತು ಹೊಸ ಹಸುವಿನ ಅರ್ಧ ಬೆಲೆಯೂ ಆಗಲಿಲ್ಲ. ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸಿದವರು ಚೇತರಿಸಿಕೊಂಡರು, ಕಂತು ಉಳಿಸಲು ಹೋದವರು ಹಸುವನ್ನೂ ಕಳೆದುಕೊಂಡರು. ಕೆಚ್ಚಲು ಬಾವು ಬಂದು ಎರಡು ಮೊಲೆ ಕೆಟ್ಟರೆ ಹಸು ಬದುಕಿದ್ದೂ ಅರ್ಧ ಬೆಲೆ.

ಹಾಲು ನಿಂತ ಹಸು, ಹೋರಿಗರುಗಳ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಗೋಹತ್ಯೆ ತಡೆಯುವ 1964ರ ಕಾಯ್ದೆಯಲ್ಲೂ ಹಸು, ಕರು ಕಡಿಯುವಂತಿರಲಿಲ್ಲ, 12 ವರ್ಷ ದಾಟಿದ ಎತ್ತು, ಎಮ್ಮೆಗಳಿಗೆ ಅವಕಾಶವಿತ್ತು. 2020ರ ಕಾಯ್ದೆ 13 ವರ್ಷ ದಾಟಿದ ಎಮ್ಮೆ, ಕೋಣಗಳಿಗಷ್ಟೇ ಆ ಅವಕಾಶ ಉಳಿಸಿತು, ಸಾಗಾಟದ ನಿಯಮ ಬಿಗಿಯಾಯಿತು. ಕಾಯ್ದೆಯ ಪರ-ವಿರೋಧ ಏನೇ ಇರಲಿ, ಕೊಟ್ಟಿಗೆಯ ಲೆಕ್ಕದಲ್ಲಿ ಇದರ ಅರ್ಥ ಸರಳ: ದುಡಿಯದ ರಾಸನ್ನು ಕೊಳ್ಳುವವರು ಕಡಿಮೆಯಾದರು. ಅದರ ಹೊಟ್ಟೆಯೂ ದುಡಿಯುವ ಹಸುವಿನ ಹಾಲಿನ ಮೇಲೆಯೇ ತುಂಬಬೇಕು. ಸೀಮೆ ಹೋರಿಗರು ಉಳುಮೆಗೂ ಆಗದು. ಲಿಂಗ ನಿರ್ಧಾರಿತ ವೀರ್ಯಕ್ಕೆ ಹಳ್ಳಿಯಲ್ಲಿ ಬೇಡಿಕೆ ಬಂದದ್ದಕ್ಕೆ ಇದೂ ಒಂದು ಕಾರಣ. ಮುದಿ ದನಗಳಿಗೆ ಒಂದಷ್ಟು ಮೇಯುವ ಬಯಲಾದರೂ ಉಳಿದಿದ್ದರೆ ಈ ಹೊರೆ ಇಷ್ಟು ಭಾರವಾಗುತ್ತಿರಲಿಲ್ಲ.

ದರದ ಜತೆ ಬರಬೇಕಾದದ್ದು

ದರ ಏರಿಸಬೇಡಿ ಎಂದು ಯಾವ ಹಾಲು ಉತ್ಪಾದಕನೂ ಹೇಳನು. ಏರಿಕೆಯೊಂದರಿಂದಲೇ ಕೊಟ್ಟಿಗೆ ಉಳಿಯದು ಎಂಬುದಷ್ಟೇ ಮಾತು. ಮೊದಲನೆಯದಾಗಿ, ಐದು ರೂಪಾಯಿಯನ್ನು ಏಳು ಮಾಡುವ ಆಶ್ವಾಸನೆಗಿಂತ ಐದನ್ನೇ ಪ್ರತಿ ತಿಂಗಳು ತಪ್ಪದೆ ಕೊಡುವುದು ಮುಖ್ಯ. ಸಾಲ ತೆಗೆಯುವವನಿಗೆ ಮೊತ್ತದಷ್ಟೇ ದಿನಾಂಕವೂ ಬೇಕು. ಹುಲ್ಲು ಹೆಚ್ಚಿದ ಕಾಲದಲ್ಲಿ ದರ ಇಳಿಸುವ ಒಕ್ಕೂಟ, ಎಷ್ಟು ಇಳಿಸಬಹುದು, ಯಾವಾಗ ಮತ್ತೆ ಏರಿಸುತ್ತದೆ ಎಂಬುದನ್ನು ವರ್ಷದ ಆರಂಭದಲ್ಲೇ ಹೇಳಿದರೆ ರೈತರು ಹಸು ಕಟ್ಟಿಸುವ ತಿಂಗಳನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ.

ಎರಡನೆಯದು ಮೇವು. ಪಶು ಆಹಾರದ ಕಾರ್ಖಾನೆ ಕಟ್ಟಿದ ಸಹಕಾರ ಕ್ಷೇತ್ರ, ರಸಮೇವು ಮತ್ತು ಒಣಹುಲ್ಲಿನ ವ್ಯವಹಾರವನ್ನು ಬಹುಮಟ್ಟಿಗೆ ದಲ್ಲಾಳಿಗಳಿಗೆ ಬಿಟ್ಟುಕೊಟ್ಟಿದೆ. ಸಂಘದ ಕಟ್ಟಡದಲ್ಲಿ ಹಾಲು ಅಳೆಯುವಂತೆಯೇ ಮೇವನ್ನೂ ತೂಗಿ ಕೊಳ್ಳುವ, ತೂಗಿ ಕೊಡುವ ವ್ಯವಸ್ಥೆ ಬಂದರೆ, ನೀರಿದ್ದೂ ಹಸು ಸಾಕಲಾಗದ ಮನೆಗೆ ಒಂದು ಬೆಳೆಯಾಯಿತು, ಹಸುವಿದ್ದೂ ನೆಲವಿಲ್ಲದ ಮನೆಗೆ ನಿಶ್ಚಿತ ದರದ ಹುಲ್ಲಾಯಿತು.

ಮೂರನೆಯದು ಗೋಮಾಳ. ಅಲ್ಲಿ ಸೀಮೆಹಸು ಮೇಯಬೇಕೆಂದೇನಿಲ್ಲ. ಒತ್ತುವರಿ ಬಿಡಿಸಿ, ನೀಲಗಿರಿಯ ಬೊಡ್ಡೆ, ಬಳ್ಳಾರಿ ಜಾಲಿ ಕಿತ್ತು, ಹುಲ್ಲು ಬೆಳೆಸಿ, ಕೊಯ್ದುಕೊಳ್ಳುವ ಹಕ್ಕನ್ನು ಜಮೀನಿಲ್ಲದ ಹೆಂಗಸರ ಸಂಘಗಳಿಗೆ ಕೊಡುವುದು ಉದ್ಯೋಗ ಖಾತ್ರಿಯ ದುಡ್ಡಿನಲ್ಲೇ ಆಗಬಹುದಾದ ಕೆಲಸ. ಊರಿನ ಗೋಮಾಳ ಎಷ್ಟು ಎಕರೆ, ಎಷ್ಟು ಉಳಿದಿದೆ, ಯಾರ ಕೈಯಲ್ಲಿದೆ ಎಂಬ ವಿವರ ತಾಲ್ಲೂಕು ಕಚೇರಿಯ ಕಡತದಲ್ಲಿದೆ. ಅದನ್ನು ಹಾಲಿನ ಸಂಘದ ಗೋಡೆಗೆ, ದರದ ಪಟ್ಟಿಯ ಪಕ್ಕದಲ್ಲಿ ಅಂಟಿಸಬೇಕು. ವರ್ಷಕ್ಕೊಮ್ಮೆ ನಡೆಯುವ ಸಂಘದ ಸರ್ವಸದಸ್ಯರ ಸಭೆಯಲ್ಲಿ ಬೋನಸ್ ಎಷ್ಟು ಎಂದು ಕೇಳುವ ಸದಸ್ಯರು ಅಂದು ಗೋಮಾಳ ಎಷ್ಟು ಎಂದೂ ಕೇಳಲಿ.